ಸ್ವಿಚ್ ಆಫ್ ಮಾಡಿದ್ಯಾ?

ಶುಕ್ರವಾರ ಸಂಜೆ ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ ಒಂದು ಸಣ್ಣ ಹರಟೆಕಟ್ಟೆ ಸೇರುತ್ತೆ. ನಲವತ್ತರ ಆಸುಪಾಸಿನ ನಾಲ್ಕೈದು ಜನ. ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲೋದು ಹಳೇ ಕಂಪ್ಯೂಟರುಗಳ ಹತ್ತಿರವೇ. ಫ್ಲಾಪಿ ಹಾಕಿದಾಗ ಬರುತ್ತಿದ್ದ ಕರ್ ಕರ್ ಸದ್ದು, ಹದಿನಾಲ್ಕು ಇಂಚಿನ ಮಾನಿಟರಿನ ಹತ್ತಿರ ಕೈ ಒಯ್ದರೆ ರೋಮ ಎದ್ದು ನಿಲ್ಲುತ್ತಿದ್ದದ್ದು, ಮೋಡೆಮ್ಮಿನ ಕಿರುಚಾಟ. ಮೊನ್ನೆ ನಮ್ಮಲ್ಲೊಬ್ಬ ಆನ್‌ಲೈನಿನಲ್ಲಿ ಹುಡುಕಿ, ಬಣ್ಣ ಹಳದಿಗೆ ತಿರುಗಿದ ಒಂದು ಪೆಂಟಿಯಮ್ ಕಂಪ್ಯೂಟರ್ ಕೊಂಡು ತಂದು ಹಾಲಿನ ಶೋಕೇಸಿನಲ್ಲಿ ಇಟ್ಟಿದ್ದಾನೆ. ಅದಕ್ಕೆ ಅವನು ಕೊಟ್ಟ ದುಡ್ಡು ಕೇಳಿ ಮೊದಲು ನಗು ಬಂತು. ಆಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಆಯ್ತು ಅನ್ನಿ.

ಈ ಕಟ್ಟೆಯಲ್ಲಿ ನನ್ನದೊಂದು ಖಾಯಂ ಕಥೆ ಇದೆ. 1999ರ ಏಪ್ರಿಲ್ 26ರ ಬೆಳಿಗ್ಗೆ, ಕೊಣನೂರಿನ ನಮ್ಮ ಮನೆಯಲ್ಲಿ, ಬೈಕ್ ರೇಸ್ ಆಡುತ್ತಿರುವಾಗಲೇ ಕಂಪ್ಯೂಟರ್ ಗಕ್ಕನೆ ನಿಂತು ಕಪ್ಪಾದ ಕಥೆ. ಚರ್ನೋಬಿಲ್ ವೈರಸ್ ಅಂತ ಹೆಸರು ಹೇಳಿ, 'ಉಕ್ರೇನಿನ ಅಣು ಸ್ಥಾವರದ ಬಿಸಿ ಕಾವೇರಿ ದಂಡೆಗೂ ತಟ್ಟಿತ್ತು ನೋಡಿ' ಅಂತ ಮುಗಿಸುತ್ತೇನೆ. ಎಲ್ಲರೂ ನಗುತ್ತಾರೆ. ಹತ್ತು ವರ್ಷದಿಂದ ನಗುತ್ತಿದ್ದಾರೆ.

ಮೊನ್ನೆ ಮಾತ್ರ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕಾಫಿ ಹಿಡಿದು ನಿಂತು ಕೇಳುತ್ತಿದ್ದಳು. ಈ ಕಥೆ ನಡೆದ ಕಾಲಕ್ಕೆ ಅವಳು ಹುಟ್ಟಿರಲಿಲ್ಲ. ಅಷ್ಟು ದುಬಾರಿ ವಸ್ತು ಹಾಳಾಯ್ತು ಅಂದ್ರೆ ಮನೇಲಿ ದೊಡ್ಡ ಗಲಾಟೆ ಆಗಿರಬೇಕಲ್ವಾ ಸಾರ್, ನಿಮ್ಮಪ್ಪ ಹೊಡೆದ್ರಾ, ಅಂದಳು. ಇಲ್ಲ ಅಂದೆ. 'ಮತ್ತೆ ಯಾರು ಬೈಸ್ಕೊಂಡ್ರು?'

ಲೋಟ ತೊಳೆಯುವ ನೆಪದಲ್ಲಿ ಎದ್ದು ಹೋದೆ.

ಆ ಕಂಪ್ಯೂಟರ್ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಹೇಳೋಕೆ ನನಗೂ ಖುಷಿ, ಅದನ್ನೇನೂ ಮುಚ್ಚಿಡಲ್ಲ. ಅದು ಬಂದಿದ್ದು 1998ರ ಡಿಸೆಂಬರಿನಲ್ಲಿ, ರಾಮನಾಥಪುರದ ಷಷ್ಠಿ ಜಾತ್ರೆ ಕಳೆದ ಮೇಲೆ. ನಮ್ಮದು ಸೊಪ್ಪು ಬೆಳೆಯುವ ಮನೆ. ಕೊಣನೂರು, ರಾಮನಾಥಪುರ, ಆ ಕಡೆ ಪಿರಿಯಾಪಟ್ಟಣದವರೆಗೆ ಸೊಪ್ಪು ಅಂದರೆ ಹೊಗೆಸೊಪ್ಪೇ, ಬೇರೆ ಯಾವ ಸೊಪ್ಪೂ ಅಲ್ಲ. ಆಗಸ್ಟ್ ಸೆಪ್ಟೆಂಬರಿನಲ್ಲಿ ಬ್ಯಾರನ್ನಿಗೆ ಬೆಂಕಿ ಹಾಕಿ, ರಾತ್ರಿಯೆಲ್ಲಾ ಕೂತು ಶಾಖ ನೋಡ್ತಾ, ಎಲೆ ಹಳದಿ ತಿರುಗಿ ಒಣಗೋವರೆಗೆ ನಿದ್ದೆ ಬಿಟ್ಟವರಿಗೇ ಗೊತ್ತು ಅದರ ಕಷ್ಟ. ಆ ವರ್ಷ ಹರಾಜಿನಲ್ಲಿ ಅಪ್ಪನಿಗೆ ಪರವಾಗಿಲ್ಲ ಅನ್ನುವಂಥ ರೇಟು ಸಿಕ್ಕಿತ್ತು. ಹಾಸನದಲ್ಲಿ ಜೋಡಿಸಿ ಕೊಡುವವರ ಹತ್ತಿರ ಕೊಂಡರು: 233 ಮೆಗಾಹರ್ಟ್ಸಿನ ಪೆಂಟಿಯಮ್ ಎಂಎಂಎಕ್ಸ್, 32 ಎಂಬಿ ರ‍್ಯಾಮ್, 2.1 ಜಿಬಿ ಹಾರ್ಡ್ ಡಿಸ್ಕ್, ಯುಪಿಎಸ್, ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಎಲ್ಲಾ ಸೇರಿ 48 ಸಾವಿರ. ಅದರಲ್ಲಿ 20 ಸಾವಿರ ನೆಂಟರೊಬ್ಬರ ಕೈಸಾಲ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ.

48 ಸಾವಿರ ಅಂದ್ರೆ ಇವತ್ತು ನಮಗೆ ಏನೂ ಅನಿಸಲ್ಲ, ಫೋನಿಗೇ ಅಷ್ಟು ಕೊಡ್ತೀವಿ. ಆದರೆ ಆಗ ಹತ್ತು ಗ್ರಾಂ ಚಿನ್ನ ಸುಮಾರು ನಾಲ್ಕು ಸಾವಿರ ರೂಪಾಯಿ. ಅಂದರೆ ಅಪ್ಪ ಹೆಚ್ಚುಕಡಿಮೆ 120 ಗ್ರಾಂ ಚಿನ್ನ ಕೊಟ್ಟು ಆ ಡಬ್ಬವನ್ನು ಮನೆಗೆ ತಂದಿದ್ದರು. ಈ ಲೆಕ್ಕ ನಾನು ಹಾಕಿದ್ದು ತೀರಾ ಇತ್ತೀಚೆಗೆ.

ಬೆಲೆ ಹಾಗಿರೋಕೆ ಕಾರಣಗಳೂ ಇದ್ದವು. ಅಮೆರಿಕದಲ್ಲಿ 1982ರಲ್ಲೇ ಕಮೊಡೋರ್ 64 ಅನ್ನುವ ಮನೆ ಕಂಪ್ಯೂಟರ್ 595 ಡಾಲರಿಗೆ ಅಂಗಡಿಗೆ ಬಂತು. ಅದೇ ವರ್ಷ ಬ್ರಿಟನ್ನಿನಲ್ಲಿ ಸ್ಪೆಕ್ಟ್ರಮ್ 125 ಪೌಂಡಿಗೇ ಸಿಗೋಕೆ ಶುರುವಾಯ್ತು. ಅಲ್ಲಿನವರ ಹಳೇ ಕಂಪ್ಯೂಟರ್ ಹಂಬಲವೆಲ್ಲ ಆ ಕಾಲದ್ದು. ನಮ್ಮಲ್ಲಿ 1984ರಲ್ಲಿ ಕ್ಲಾಸ್ ಅನ್ನುವ ಯೋಜನೆಯಲ್ಲಿ ಆಯ್ದ ಕೆಲವು ಶಾಲೆಗಳಿಗೆ ಬಿಬಿಸಿ ಮೈಕ್ರೋ ಬಂತು, ಮನೆಗಳಿಗಲ್ಲ. ಬಿಡಿಭಾಗವೆಲ್ಲ ಹೊರದೇಶದ್ದು, ಮೇಲೆ ಆಮದು ಸುಂಕ. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿದ ಮೇಲೆ ಸುಂಕ ಹಂತಹಂತವಾಗಿ ಇಳಿದು 2005ರ ಹೊತ್ತಿಗೆ ಸೊನ್ನೆಗೆ ಬರಬೇಕು ಅಂತಾಯ್ತು. ನಮ್ಮಪ್ಪನಿಗೆ ಅಷ್ಟು ಕಾಯುವ ತಾಳ್ಮೆ ಇರಲಿಲ್ಲ. ಇದ್ದಿದ್ದರೆ ನಾನು ಈಗ ಈ ಪ್ಯಾಂಟ್ರಿಯಲ್ಲಿ ನಿಂತು ಕಥೆ ಹೇಳುತ್ತಿರಲಿಲ್ಲವೇನೋ, ಅದೂ ಇದೆ.

ಅದನ್ನು ನಡುಮನೆಯ ಪಕ್ಕದ ಕೋಣೆಯಲ್ಲಿ ಇಟ್ಟರು. ಬೀಜದ ಆಲೂಗಡ್ಡೆ ಹರಡುತ್ತಿದ್ದ ಕೋಣೆ ಅದು. ಅವ್ವ ತನ್ನ ಹಳೇ ರೇಷ್ಮೆ ಸೀರೆ ಹರಿದು ಮಾನಿಟರಿಗೆ ಒಂದು, ಸಿಪಿಯುಗೆ ಒಂದು, ಕೀಬೋರ್ಡಿಗೆ ಒಂದು ಗವಸು ಹೊಲಿದಳು. ಒಳಗೆ ಹೋಗುವವರು ಚಪ್ಪಲಿ ಬಿಡಬೇಕಿತ್ತು, ದೇವರ ಕೋಣೆಗೆ ಬಿಟ್ಟ ಹಾಗೆ. ಊರಿನವರು ನೋಡೋಕೆ ಬರುತ್ತಿದ್ದರು. ಒಬ್ಬ ಅಜ್ಜ ಅದಕ್ಕೆ ಕೈ ಮುಗಿದೂ ಹೋಗಿದ್ದ. ವಿಂಡೋಸ್ ಮುಚ್ಚಿದಾಗ, ಈಗ ಕಂಪ್ಯೂಟರನ್ನು ಆರಿಸಬಹುದು ಅಂತ ಕಪ್ಪು ಪರದೆಯ ಮೇಲೆ ಕಿತ್ತಳೆ ಬಣ್ಣದ ಅಕ್ಷರ ಬರುತ್ತಿತ್ತಲ್ಲ, ನಿಮಗೂ ನೆನಪಿರಬಹುದು. ಅದು ಬಂದ ಮೇಲೆ ನಾವೇ ಕೈಯಾರೆ ಗುಂಡಿ ಒತ್ತಬೇಕು, ಆಮೇಲೆ ಯುಪಿಎಸ್, ಆಮೇಲೆ ಗೋಡೆಯ ಸ್ವಿಚ್. ಅಪ್ಪ ಈ ಮೂರನ್ನೂ ಒಂದು ಮಂತ್ರದ ಹಾಗೆ ಕಲಿಸಿದ್ದರು. ರಾತ್ರಿ ಮಲಗುವ ಮುಂಚೆ ಹಾಸಿಗೆಯಿಂದಲೇ ಒಂದು ಕೂಗು: 'ಸ್ವಿಚ್ ಆಫ್ ಮಾಡಿದ್ಯಾ?'

ಇಷ್ಟು ನನಗೆ ಬಾಯಿಪಾಠ. ಎಷ್ಟು ಮೆಗಾಹರ್ಟ್ಸ್, ಎಷ್ಟು ಎಂಬಿ, ಕ್ಯಾಬಿನೆಟ್ಟಿನ ಯಾವ ಮೂಲೆಯ ಸ್ಕ್ರೂ ಇರಲಿಲ್ಲ, ಎಲ್ಲಾ. ಆದರೆ ಅದೇ ವರ್ಷ ಸೆಕೆಂಡ್ ಪಿಯುಸಿ ಮುಗಿಸಿದ್ದ ಅಕ್ಕನಿಗೆ ಎಷ್ಟು ಮಾರ್ಕ್ಸ್ ಬಂದಿತ್ತು ಅಂತ ಕೇಳಿದರೆ ನನಗೆ ನೆನಪಿಲ್ಲ.

ಅಕ್ಕನಿಗೆ ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದು ಬಿಎಸ್ಸಿ ಓದಬೇಕು ಅಂತ ಇತ್ತು. ಒಂದ್ ವರ್ಷ ತಡಿ ಅಂದಿದ್ದರು ಅಪ್ಪ. ಆ ಒಂದು ವರ್ಷದಲ್ಲಿ ಕಂಪ್ಯೂಟರ್ ಬಂತು. ಇಬ್ರೂ ಮನೇಲೇ ಕಲೀಬಹುದಲ್ಲ ಅನ್ನೋದು ಅವರ ವಾದ, ಮತ್ತು ಅವರು ಅದನ್ನು ನಿಜವಾಗಿ ನಂಬಿದ್ದರು. ಇದರ ಬಗ್ಗೆ ತುಂಬಾ ಬರೆಯಬಹುದು. ಬರೆಯಲ್ಲ. ಅಪ್ಪನ ತಪ್ಪನ್ನು ವಿಸ್ತಾರವಾಗಿ ಬರೆದು ನನ್ನದನ್ನು ಚಿಕ್ಕದು ಮಾಡಿಕೊಳ್ಳುವ ಉಪಾಯ ಅದು ಅಂತ ನನಗೇ ಗೊತ್ತು.

ಕಲಿತಿದ್ದು ಅಕ್ಕನೇ. ನಾನು ಒಂಬತ್ತನೇ ಕ್ಲಾಸು, ಆಟ ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಪರಿಚಯದವರೊಬ್ಬರು ಬೆಂಗಳೂರಿನಿಂದ 'ಬರಹ' ತಂತ್ರಾಂಶ ತಂದುಕೊಟ್ಟಿದ್ದರು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದು ಎಲ್ಲರಿಗೂ ಪುಕ್ಕಟೆ ಕೊಟ್ಟಿದ್ದು ಅದು. ನಮ್ಮ ಮನೆಯಲ್ಲಿ ದುಡ್ಡು ಕೊಡದೆ ಸಿಕ್ಕಿದ ಏಕೈಕ ಕಂಪ್ಯೂಟರ್ ಸಾಮಾನು ಅದೇ, ದುಡ್ಡು ದುಡಿದುಕೊಟ್ಟಿದ್ದೂ ಅದೇ! ಇಂಗ್ಲಿಷಿನ ಸಣ್ಣ ಡಿ ಒತ್ತಿದರೆ ದ, ದೊಡ್ಡ ಡಿ ಒತ್ತಿದರೆ ಡ. ಅಕ್ಕನಿಗೆ ಇದು ಭಾರಿ ತಮಾಷೆಯಾಗಿ ಕಂಡಿತ್ತು. ಹದಿನೈದು ದಿನದಲ್ಲಿ ಕೀಬೋರ್ಡ್ ನೋಡದೆ ಟೈಪ್ ಮಾಡೋಳು. ಮೊದಲು ಪಕ್ಕದ ಮನೆಯವರ ಸಾಲದ ಅರ್ಜಿ, ಆಮೇಲೆ ಶಾಲೆಯ ಪ್ರಶ್ನೆಪತ್ರಿಕೆ, ಆಮೇಲೆ ಮದುವೆ ಕಾಗದ. ಅರ್ಜಿಗೆ ಪುಟಕ್ಕೆ ಹತ್ತು ರೂಪಾಯಿ, ಮದುವೆ ಕಾಗದಕ್ಕೆ ನೂರು. ಕಾಗದ ಹೊಂದಿಸಿ ಫ್ಲಾಪಿಗೆ ಹಾಕಿ, ಬಸ್ಸಿನ ಕಂಡಕ್ಟರ್ ಕೈಲಿ ಹಾಸನದ ಪ್ರೆಸ್ಸಿಗೆ ಕಳಿಸೋದು.

ಮದುವೆ ಕಾಗದ ಸುಲಭದ ಕೆಲಸ ಅಂದ್ಕೋಬೇಡಿ. ದೊಡ್ಡಪ್ಪನ ಹೆಸರು ಚಿಕ್ಕಪ್ಪನ ಕೆಳಗೆ ಬಂದರೆ ಎರಡು ಮನೆ ಮಾತು ಬಿಡುತ್ತವೆ. ತೀರಿಹೋದವರ ಹೆಸರಿನ ಮುಂದೆ ದಿವಂಗತ ಬಿಟ್ಟುಹೋದರೆ ಅದೊಂದು ರಾದ್ಧಾಂತ. ಅಕ್ಕ ಎಲ್ಲವನ್ನೂ ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದಳು. ಹತ್ತೊಂಬತ್ತು ವರ್ಷದ ಹುಡುಗಿ, ಯಾರ ಮನೆಯಲ್ಲಿ ಯಾರಿಗೆ ಯಾರ ಮೇಲೆ ಮುನಿಸು ಅಂತ ಆ ಬೇಸಿಗೆಯಲ್ಲಿ ಅರ್ಧ ಹೋಬಳಿಯದ್ದು ಅವಳಿಗೆ ಗೊತ್ತಿತ್ತು.

ಇನ್ನು ಆ ಏಪ್ರಿಲ್. 25ನೇ ತಾರೀಖು ಭಾನುವಾರ. ಮುಂದೆ ಮದುವೆಗಳ ಸಾಲು, ಅಕ್ಕನ ಹತ್ತಿರ ಮೂರು ಕಾಗದದ ಕೆಲಸ. ರಾತ್ರಿ ಹನ್ನೊಂದರವರೆಗೆ ಕೂತಿದ್ದಳು. ಕರೆಂಟು ಹೋಗೋದು ಬರೋದು ಮಾಡ್ತಿತ್ತು. ಕೊನೆಗೆ ಯುಪಿಎಸ್ ಕೂಗಿಕೊಂಡಾಗ ಕಂಪ್ಯೂಟರ್ ಮುಚ್ಚಿ, ಕತ್ತಲಲ್ಲೇ ಎದ್ದು ಹೋಗಿ ಮಲಗಿದಳು. ಗೋಡೆಯ ಸ್ವಿಚ್ ಹಾಗೇ ಉಳಿಯಿತು.

ಬೆಳಿಗ್ಗೆ ಅವಳು ಹೊಳೆಗೆ ಬಟ್ಟೆ ತಗೊಂಡು ಹೋಗಿದ್ದಾಗ ನಾನು ಹೋಗಿ ಕೂತೆ. ಹತ್ತು ದಿನದ ಹಿಂದೆ ಕ್ಲಾಸಿನ ಹುಡುಗನೊಬ್ಬ ಒಂದು ನಕಲು ಸಿಡಿ ಕೊಟ್ಟಿದ್ದ. ಬೇರೆಯವರ ಸಿಡಿ, ಫ್ಲಾಪಿ ಹಾಕಬಾರದು ಅಂತ ಅಕ್ಕ ಖಡಾಖಂಡಿತವಾಗಿ ಹೇಳಿದ್ದಳು. ಅದಕ್ಕೇ ಅದನ್ನು ಸಮಾಜ ವಿಜ್ಞಾನದ ಪುಸ್ತಕದೊಳಗೆ ಇಡುತ್ತಿದ್ದೆ. ಆಟ ಶುರು ಮಾಡಿದೆ, ಪರದೆ ನಿಂತಿತು. ಆರಿಸಿ ಹಾಕಿದೆ. ಫ್ಯಾನ್ ತಿರುಗುತ್ತೆ, ಪರದೆ ಕಪ್ಪು. ಆಮೇಲೆ ಏನು ಮಾಡಿದರೂ ಅಷ್ಟೇ.

ಅಪ್ಪ ಬಂದರು. ಕೋಣೆಯ ಬಾಗಿಲಲ್ಲಿ ನಿಂತು ಏನಾಯ್ತು ಅಂತ ಕೇಳಿದರು. ನಾನು ಹೇಳಿದ ಮಾತು ಇವತ್ತಿಗೂ ಅಕ್ಷರ ಅಕ್ಷರ ನೆನಪಿದೆ. 'ರಾತ್ರಿಯೆಲ್ಲಾ ಸ್ವಿಚ್ ಆನ್ ಇತ್ತು.'

ಅದು ಸುಳ್ಳಲ್ಲ ನೋಡಿ. ಆನ್ ಇತ್ತು. ನಾನು ಒಂದೇ ಒಂದು ಸುಳ್ಳೂ ಹೇಳಲಿಲ್ಲ. ಹಾಸನದಿಂದ ಬಂದ ರಿಪೇರಿಯವನೂ ಬೋರ್ಡ್ ಹೋಗಿದೆ, ವೋಲ್ಟೇಜ್ ಇರಬೇಕು ಅಂದುಬಿಟ್ಟ. ಅಪ್ಪ ಅಕ್ಕನಿಗೆ ಕೈ ಮಾಡಲಿಲ್ಲ, ಕೂಗಾಡಲೂ ಇಲ್ಲ. 'ಮನೆ ಮೇಲೆ ಇಷ್ಟು ಸಾಲ ಇದೆ ಅಂತ ಗೊತ್ತಿದ್ದೂ ಒಂದ್ ಸ್ವಿಚ್ ಆರಿಸೋಕೆ ಆಗ್ಲಿಲ್ವಾ ನಿಂಗೆ?' ಅಷ್ಟೇ. ಮದುವೆ ಕಾಗದದವರೊಬ್ಬರು ಬಾಗಿಲಿಗೆ ಬಂದು ಆಡಿದ ಮಾತು ಬೇರೆ.

ವಾರದೊಳಗೆ ಪೇಪರಿನಲ್ಲಿ ಬಂತು. ತೈವಾನಿನ ಚೆನ್ ಇಂಗ್-ಹೌ ಅನ್ನುವ ವಿದ್ಯಾರ್ಥಿ ಬರೆದ ಸಿಐಎಚ್ ವೈರಸ್, ಏಪ್ರಿಲ್ 26ರಂದು ಏಷ್ಯಾದ ಉದ್ದಗಲಕ್ಕೂ ಕಂಪ್ಯೂಟರುಗಳನ್ನು ಕೆಡಿಸಿದೆ ಅಂತ. 1986ರಲ್ಲಿ ಚರ್ನೋಬಿಲ್ ದುರಂತ ಆಗಿದ್ದೂ ಅದೇ ತಾರೀಖು, ಹಾಗಾಗಿ ಆ ಹೆಸರು. ವಿಂಡೋಸ್ 95, 98 ಇರುವ ಯಂತ್ರಗಳಲ್ಲಿ ಸದ್ದಿಲ್ಲದೆ ಕೂತು, ಆ ದಿನ ಹಾರ್ಡ್ ಡಿಸ್ಕಿನ ಮೊದಲ ಒಂದು ಎಂಬಿಯನ್ನು ಒರೆಸುತ್ತಿತ್ತು. ಕೆಲವು ಬೋರ್ಡುಗಳಲ್ಲಿ ಯಂತ್ರವನ್ನು ಎಬ್ಬಿಸುವ ಬಯಾಸ್ ಚಿಪ್ಪನ್ನೂ ಕೆಡಿಸುತ್ತಿತ್ತು. ನಮ್ಮ ಬೋರ್ಡು ಅಂಥದ್ದು. ಆ ಚಿಪ್ಪೊಂದನ್ನು ಮತ್ತೆ ಬರೆಸಿದ್ದರೆ ಸಾಕಿತ್ತು, ರಿಪೇರಿಯವನು ಇಡೀ ಬೋರ್ಡನ್ನೇ ಬದಲಾಯಿಸಿದ. (ಅದೇ ಸೆಪ್ಟೆಂಬರಿನಲ್ಲಿ ತೈವಾನಿನಲ್ಲಿ ಭೂಕಂಪ ಆಗಿ ಜಗತ್ತಿನಾದ್ಯಂತ ರ‍್ಯಾಮ್ ಬೆಲೆ ಏರಿತು. ಇನ್ನೊಂದು 32 ಎಂಬಿ ಹಾಕಿಸುವ ನನ್ನ ಕನಸೂ ಹೋಯ್ತು. ಆ ವರ್ಷ ಕೊಣನೂರಿನ ನಮ್ಮ ಮನೆಗೂ ತೈವಾನಿಗೂ ಅದೇನು ನಂಟೋ.) ಪೇಪರ್ ಓದಿದೆ. ಮಡಿಚಿ ಕಪಾಟಿನ ತಳದಲ್ಲಿ ಹಾಕಿದೆ. ಯಾರಿಗೂ ಹೇಳಲಿಲ್ಲ. ಇಂಜಿನಿಯರಿಂಗ್ ಸೇರಿ ಕೊಣನೂರು ಬಿಟ್ಟ ಮೇಲೆ, ಅಕ್ಕನ ಭಾಗವನ್ನು ತೆಗೆದುಹಾಕಿ, ಅದನ್ನೊಂದು ತಮಾಷೆ ಕಥೆ ಮಾಡಿಕೊಂಡೆ.

ನಾಸ್ಟಾಲ್ಜಿಯಾ ಅನ್ನುವ ಪದವನ್ನು ಹುಟ್ಟಿಸಿದ್ದು ಕವಿಗಳಲ್ಲ, ಒಬ್ಬ ವೈದ್ಯ. 1688ರಲ್ಲಿ ಯೊಹಾನೆಸ್ ಹೋಫರ್ ಅನ್ನುವ ಸ್ವಿಸ್ ವಿದ್ಯಾರ್ಥಿ, ಊರು ಬಿಟ್ಟು ದೂರ ಇದ್ದವರು ಊಟ ನಿದ್ದೆ ಬಿಟ್ಟು ಸೊರಗುವುದನ್ನು ಒಂದು ಕಾಯಿಲೆ ಅಂತ ಗುರುತಿಸಿ, ಮನೆಗೆ ಮರಳುವುದು ಮತ್ತು ನೋವು ಅನ್ನುವ ಎರಡು ಗ್ರೀಕ್ ಪದ ಸೇರಿಸಿ ಹೆಸರಿಟ್ಟ. ಮದ್ದು ಏನಪ್ಪಾ ಅಂದ್ರೆ, ಊರಿಗೆ ವಾಪಸ್ ಕಳಿಸೋದು. ಈಗ ನಾವು ಇದನ್ನು ಕಾಯಿಲೆ ಅನ್ನಲ್ಲ. ವಾರದ ಕೊನೆಯ ಮನರಂಜನೆ ಅಂತೀವಿ, ದುಡ್ಡು ಕೊಟ್ಟು ಶೋಕೇಸಿಗೆ ತರ್ತೀವಿ.

ತಂದರೆ ತಪ್ಪೇನು? ಇದೇ ನನ್ನನ್ನು ಕೊರೆಯುತ್ತಿರುವ ಪ್ರಶ್ನೆ. ಹಳೇ ವಸ್ತುವಿನ ಮೇಲಿನ ಪ್ರೀತಿ ಯಾರಿಗೂ ತೊಂದರೆ ಕೊಡಲ್ಲ ಅಂತಲೇ ನಾನೂ ನಂಬಿದ್ದೆ. ನಮ್ಮ ಕಟ್ಟೆಯಲ್ಲಿ ಪದೇ ಪದೇ ಬರುವ ಒಂದು ಮಾತಿದೆ: ಆಗ ಎಲ್ಲದಕ್ಕೂ ಬೆಲೆ ಇತ್ತು, ಹಾಗಾಗಿ ನಮಗೆ ಬೆಲೆ ಗೊತ್ತಿತ್ತು, ಈಗಿನ ಮಕ್ಕಳಿಗೆ ಗೊತ್ತಿಲ್ಲ. ನಾನೇ ನೂರು ಸಲ ಹೇಳಿದ್ದೇನೆ. ಈಗ ಯೋಚಿಸಿದರೆ, ನನಗೆ ಯಾವ ಬೆಲೆ ಗೊತ್ತಿತ್ತು? ಬಡ್ಡಿ ಅಪ್ಪನದು, ಗವಸು ಅವ್ವನದು, ದುಡಿಮೆ ಅಕ್ಕನದು. ನನಗೆ ಗೊತ್ತಿದ್ದಿದ್ದು ಆಟದ ಮೂರನೇ ಲೆವೆಲ್ಲು.

ಇನ್ನೂ ಒಂದು ಇದೆ. ದುಬಾರಿ ವಸ್ತು ನಮ್ಮನ್ನು ಜಾಗ್ರತೆಯವರನ್ನಾಗಿ ಮಾಡಿತು ಅಂತೀವಲ್ಲ, ಹೇಡಿಗಳನ್ನಾಗಿಯೂ ಮಾಡಿತು. ಇವತ್ತು ನನ್ನ ಮಗ ಲ್ಯಾಪ್‌ಟಾಪಿಗೆ ವೈರಸ್ ಹತ್ತಿಸಿಕೊಂಡರೆ, ಅಪ್ಪಾ ಏನೋ ಆಯ್ತು ಅಂತ ಓಡಿ ಬರುತ್ತಾನೆ. ಒಂದು ಗಂಟೆಯಲ್ಲಿ ಎಲ್ಲಾ ಮತ್ತೆ ಹಾಕಿ ಕೊಡುತ್ತೇನೆ. ಅವನು ನನಗಿಂತ ಪ್ರಾಮಾಣಿಕ ಅಂತ ನಾನು ಹೆಮ್ಮೆಪಡಬಹುದು, ಆದರೆ ಅವನ ಪ್ರಾಮಾಣಿಕತೆ ಅಗ್ಗ, ಅದಕ್ಕೆ ಅವನು ಏನನ್ನೂ ತೆರಬೇಕಿಲ್ಲ. ನಮ್ಮ ಮನೆಯಲ್ಲಿ ಆವತ್ತು ತಪ್ಪು ಒಪ್ಪಿಕೊಳ್ಳುವುದು ಅಂದರೆ ಒಂದು ಸೊಪ್ಪಿನ ಬೆಳೆಯಷ್ಟು ಭಾರದ ಕೆಲಸ. ವಸ್ತು ದುಬಾರಿಯಾದಷ್ಟೂ ಅದನ್ನು ಹಾಳುಮಾಡಿದ ತಪ್ಪು ದುಬಾರಿ. ಅಷ್ಟು ದುಬಾರಿ ತಪ್ಪನ್ನು ಹದಿನಾಲ್ಕು ವರ್ಷದ ಹುಡುಗ ಹೊರಲಾರ, ಹಾಗಾಗಿ ಹತ್ತಿರ ಯಾರಿದ್ದಾರೋ ಅವರ ತಲೆಗೆ ದಾಟಿಸುತ್ತಾನೆ. ಮನೆಗಳಲ್ಲಿ ಹತ್ತಿರ ಇರುವವರು ಸಾಮಾನ್ಯವಾಗಿ ಹೆಣ್ಣುಮಕ್ಕಳೇ.

ಹದಿನಾಲ್ಕು ವರ್ಷದ ಹುಡುಗನನ್ನು ಕ್ಷಮಿಸೋಣ ಅಂತೀರಾ? ಸರಿ, ಕ್ಷಮಿಸೋಣ. ಆದರೆ ಅದೇ ಕಥೆಯನ್ನು ಹತ್ತು ವರ್ಷದಿಂದ ನಗಿಸಿ ನಗಿಸಿ ಹೇಳಿದವನು ಹದಿನಾಲ್ಕರವನಲ್ಲ. ಆವಿಷಾಯ್ ಮಾರ್ಗಲಿಟ್ ಅನ್ನುವ ಇಸ್ರೇಲಿನ ತತ್ವಶಾಸ್ತ್ರಜ್ಞ ನೆನಪಿನ ನೀತಿಯ ಬಗ್ಗೆ 2002ರಲ್ಲಿ ಒಂದು ಪುಸ್ತಕ ಬರೆದಿದ್ದಾನೆ. ಅದರಲ್ಲಿ ಒಬ್ಬ ಸೇನಾಧಿಕಾರಿಯ ಪ್ರಸಂಗ ಬರುತ್ತೆ. ತನ್ನ ಕೈಕೆಳಗೆ ಇದ್ದಾಗ ತಮ್ಮದೇ ಪಡೆಯ ಗುಂಡಿಗೆ ಸತ್ತ ಸೈನಿಕನ ಹೆಸರೇ ಅವನಿಗೆ ನೆನಪಿರಲಿಲ್ಲ, ಜನ ಸಿಟ್ಟಿಗೆದ್ದರು. ಮರೆವು ನಮ್ಮ ಕೈಯಲ್ಲಿಲ್ಲದ ವಿಷಯ ಅಲ್ವಾ, ಅದಕ್ಕೆ ಒಬ್ಬನನ್ನು ದೂರೋದು ಹೇಗೆ, ಅಂತ ಮಾರ್ಗಲಿಟ್ ಅಲ್ಲಿಂದ ಯೋಚನೆ ಶುರು ಮಾಡುತ್ತಾನೆ. ಹತ್ತಿರದವರನ್ನು ನೆನಪಿಟ್ಟುಕೊಳ್ಳುವುದು ಆ ಸಂಬಂಧದ್ದೇ ಒಂದು ಭಾಗ, ಮರೆತರೆ ಅಷ್ಟರಮಟ್ಟಿಗೆ ಸಂಬಂಧವೇ ಕಡಿಮೆಯಾದಂತೆ ಅನ್ನುವ ದಿಕ್ಕಿನಲ್ಲಿ ಅವನ ವಾದ ಹೋಗುತ್ತೆ. ನನ್ನದು ಅದಕ್ಕಿಂತ ಕೆಟ್ಟ ಕೇಸು. ನಾನು ಮರೆತಿರಲಿಲ್ಲ. ಚೆನ್ನಾಗಿ ನೆನಪಿಟ್ಟುಕೊಂಡು, ಎಲ್ಲಿ ಕತ್ತರಿಸಬೇಕೋ ಅಲ್ಲಿ ಕತ್ತರಿಸಿ ಇಟ್ಟುಕೊಂಡಿದ್ದೆ.

ಆ ಹುಡುಗಿ ಕೇಳಿದ ಎರಡು ವಾರಕ್ಕೆ ಕೊಣನೂರಿಗೆ ಹೋದೆ. ಅವ್ವನಿಗೆ ಹೇಳಿದ ಕಾರಣ, ಹಳೇ ಕಂಪ್ಯೂಟರನ್ನು ಬೆಂಗಳೂರಿಗೆ ಒಯ್ಯಬೇಕು ಅಂತ. ಅದು ಪೂರ್ತಿ ಸುಳ್ಳೂ ಅಲ್ಲ. ಅಟ್ಟ ಹತ್ತಿ, ಹೊಗೆ ಹಿಡಿದ ತೊಲೆಗಳ ನಡುವೆ ಮಾನಿಟರಿನ ಪೆಟ್ಟಿಗೆ ಎಳೆದರೆ, ರೇಷ್ಮೆ ಗವಸಿನ ಕೆಳಗೆ ಒಂದು 200 ಪುಟದ ನೋಟ್‌ಬುಕ್ಕು. ಅಕ್ಕನ ಅಕ್ಷರ. ತಾರೀಖು, ಊರು, ಯಾರ ಮದುವೆ, ಎಷ್ಟು ರೂಪಾಯಿ. 1999ರ ಜನವರಿಯಿಂದ 2002ರಲ್ಲಿ ಅವಳ ಮದುವೆಯಾಗುವವರೆಗೆ. ಪ್ರತಿ ತಿಂಗಳ ಕೊನೆಗೆ ಒಂದು ಸಾಲು: 'ಬಡ್ಡಿ 400, ಅಪ್ಪಂಗೆ.' ಏಪ್ರಿಲ್ 27ರ ಕೆಳಗೆ ಮೂರು ಊರಿನ ಹೆಸರು, ಮುಂದೆ 'ಮುಂಗಡ ವಾಪಸ್'. ಮೇ ತಿಂಗಳಲ್ಲಿ ಬೇರೆ ಇಂಕಿನಲ್ಲಿ: 'ಬೋರ್ಡು 6,200, ನಾನು.'

ಆ ಬೋರ್ಡಿನ ದುಡ್ಡು ಅಪ್ಪ ಕೊಟ್ಟಿದ್ದು ಅಂತಲೇ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಅಟ್ಟದ ಮೇಲೆ ಕೂತು ಮೊಬೈಲಿನಲ್ಲಿ ಕೂಡಿಸಿದೆ, ಅಲ್ಲಿಂದ ಮುಂದಿನ ಒಂದೂವರೆ ವರ್ಷ ಅವಳು ತನಗೆ ಅಂತ ಬರೆದುಕೊಂಡಿದ್ದು 85 ರೂಪಾಯಿ, ಒಂದು ಜೊತೆ ಚಪ್ಪಲಿಗೆ.

ಹೇಳುವುದೋ ಬೇಡವೋ ಅಂತ ಆ ರಾತ್ರಿ ತುಂಬಾ ಯೋಚನೆ ಮಾಡಿದೆ. ಇಷ್ಟು ವರ್ಷದ ಮೇಲೆ ಹೇಳಿ ಹಗುರ ಆಗೋದು ನಾನು, ಅವಳಿಗೇನು ಲಾಭ? ತಪ್ಪೊಪ್ಪಿಗೆ ಅನ್ನೋದು ಎಷ್ಟೋ ಸಲ ನಮ್ಮ ಹೊರೆಯನ್ನು ಇನ್ನೊಬ್ಬರ ಹೆಗಲಿಗೆ ಬದಲಾಯಿಸೋದು ಅಷ್ಟೇ. ಅವಳಿಗೆ ಇದೆಲ್ಲ ಮರೆತೇ ಹೋಗಿರಬಹುದು ಅಂತಲೂ ಒಂದು ಆಸೆ ಇತ್ತು. ಹೇಳದೆ ಇರೋಕೆ ಕಾರಣಗಳು ಹುಡುಕಿದಷ್ಟೂ ಸಿಗುತ್ತವೆ, ಎಲ್ಲವೂ ಅವಳ ಒಳ್ಳೆಯದಕ್ಕೇ ಇರುತ್ತವೆ. ನನಗೆ ಅನುಮಾನ ಬಂದಿದ್ದು ಅಲ್ಲೇ.

ಅಕ್ಕ ಇರೋದು ಹೊಳೆನರಸೀಪುರದಲ್ಲಿ. ಭಾವನದು ರಸಗೊಬ್ಬರದ ಅಂಗಡಿ, ಬಿಲ್ಲು ಲೆಕ್ಕ ಎಲ್ಲಾ ಇವಳದೇ. ಅರಕಲಗೂಡು ದಾಟಿ ಬೆಂಗಳೂರಿಗೆ ಹೋಗುವ ದಾರಿಯೇ ಅದು, ಹಿಂದೆಲ್ಲಾ ಕಾಫಿ ಕುಡಿದು ಹೊರಡುತ್ತಿದ್ದೆ. ನಮ್ಮ ಮನೆಯವರೆಲ್ಲ ಅವಳನ್ನು ಒಂದು ವಿಷಯಕ್ಕೆ ಗೇಲಿ ಮಾಡುತ್ತೇವೆ. ಎಲ್ಲಿ ಹೋದರೂ ಸ್ವಿಚ್ ಆರಿಸುತ್ತಾಳೆ. ಟಿವಿ, ಮಿಕ್ಸಿ, ಮೊಬೈಲ್ ಚಾರ್ಜರ್, ಎಲ್ಲದರ ಪ್ಲಗ್ಗನ್ನೂ ಕೀಳುತ್ತಾಳೆ. ಊಟಕ್ಕೆ ಹೋಗುವಾಗ ಅಂಗಡಿಯ ಮೇನ್ ಸ್ವಿಚ್ ಇಳಿಸುತ್ತಾಳೆ. ನಮ್ಮನೆ ಗೃಹಪ್ರವೇಶಕ್ಕೆ ಬಂದವಳು ರಾತ್ರಿ ಫ್ರಿಜ್ಜನ್ನೂ ಆರಿಸಿ ಹಾಲೆಲ್ಲ ಒಡೆದುಹೋಗಿತ್ತು, ಅದಕ್ಕಂತೂ ನಾನು ಅವಳಿಗೆ ಸ್ವಿಚ್ಚಕ್ಕ ಅಂತ ಹೆಸರೇ ಇಟ್ಟಿದ್ದೆ.

ನೋಟ್‌ಬುಕ್ಕನ್ನು ಕೌಂಟರಿನ ಮೇಲೆ ಇಟ್ಟೆ. ಅಯ್ಯೋ ಇದು ಇನ್ನೂ ಇದ್ಯಾ ಅಂತ ನಗುತ್ತಾ ಪುಟ ತಿರುವಿದಳು. ಇವರ ಮಗಳಿಗೀಗ ಮದುವೆ ವಯಸ್ಸು, ಇವರು ತೀರಿಹೋದ್ರು, ಅಂತ ಹೇಳುತ್ತಾ ಹೋದಳು. ಏಪ್ರಿಲ್ ಪುಟ ಬಂದಾಗ ನಾನು ಹೇಳಿಬಿಟ್ಟೆ. ಸಿಡಿ, ಪುಸ್ತಕದೊಳಗೆ ಇಟ್ಟಿದ್ದು, ಪೇಪರ್, ಎಲ್ಲಾ. ಐದು ನಿಮಿಷವೂ ಹಿಡಿಯಲಿಲ್ಲ.

'ಅಂದ್ರೆ ಸ್ವಿಚ್ಚಿಂದ ಅಲ್ವಾ?' ಅಂದಳು.

'ಅಲ್ಲ.'

'ವೋಲ್ಟೇಜೂ ಅಲ್ಲ?'

'ಅಲ್ಲ ಅಕ್ಕ.'

ಅಷ್ಟರಲ್ಲಿ ಒಬ್ಬರು ಎರಡು ಮೂಟೆ ಯೂರಿಯಾ ಕೇಳಿಕೊಂಡು ಬಂದರು. ಅವರಿಗೆ ಬಿಲ್ಲು ಮಾಡಿದಳು, ಚಿಲ್ಲರೆ ಎಣಿಸಿ ಕೊಟ್ಟಳು, ಮೂಟೆ ಎತ್ತಿ ಹಾಕೋಕೆ ಹುಡುಗನನ್ನು ಕೂಗಿದಳು. ನಾನು ಕೌಂಟರಿನ ಈಚೆ ನಿಂತಿದ್ದೆ. ಬೈತಾಳೆ ಅಂದುಕೊಂಡಿದ್ದೆ, ಅಥವಾ ಹೋಗ್ಲಿ ಬಿಡೋ ಅಂತಾಳೆ ಅಂದುಕೊಂಡಿದ್ದೆ. ಎರಡಕ್ಕೂ ತಯಾರಾಗಿ ಬಂದಿದ್ದೆ.

ಅವರು ಹೋದ ಮೇಲೆ ನನ್ನ ಕಡೆ ನೋಡದೆ ಹೇಳಿದಳು. 'ಅಪ್ಪ ಇದ್ದಾಗ ಹೇಳ್ಬೇಕಿತ್ತು ಕಣೋ. ಅಪ್ಪಂಗೆ ಗೊತ್ತಾಗ್ಬೇಕಿತ್ತು.'

ಅಪ್ಪ ತೀರಿಕೊಂಡು ಎಂಟು ವರ್ಷ. ಕೊನೆಯ ಮೂರು ತಿಂಗಳು ಅಕ್ಕನ ಮನೆಯಲ್ಲೇ ಇದ್ದರು. ನಾನು ತಿಂಗಳಿಗೆ ಎರಡು ಸಲ ಬಂದು ಪಕ್ಕದಲ್ಲಿ ಕೂತು ಹೋಗುತ್ತಿದ್ದೆ. ಹಳೇ ಕಥೆಗಳನ್ನೆಲ್ಲ ಹೇಳಿ ನಗಿಸುತ್ತಿದ್ದೆ ಕೂಡ.

ಊಟದ ಹೊತ್ತಾಯ್ತು. ಭಾವ ಮನೆಯಿಂದ ಎರಡು ಸಲ ಫೋನ್ ಮಾಡಿದರು. ಕಂಪ್ಯೂಟರ್ ಕಾರಿನ ಹಿಂದಿನ ಸೀಟಿನಲ್ಲಿ ಇತ್ತು, ಅದನ್ನು ಏನು ಮಾಡ್ತೀಯಾ ಅಂತ ಕೇಳಿದಳು. ಗೊತ್ತಿಲ್ಲ, ನಿಂಗೆ ಬೇಕಾದ್ರೆ ಇಲ್ಲೇ ಇಳಿಸ್ತೀನಿ ಅಂದೆ. 'ನಂಗ್ಯಾಕೆ ಅದು' ಅಂದಳು. ನೋಟ್‌ಬುಕ್ಕನ್ನು ಮಾತ್ರ ಬಿಲ್ ಪುಸ್ತಕಗಳ ಜೊತೆ ಡ್ರಾಯರಿನೊಳಗೆ ಹಾಕಿ ಬೀಗ ಹಾಕಿದಳು. ಹುಡುಗ ಅರ್ಧ ಷಟರ್ ಎಳೆದ. ರಸ್ತೆಗೆ ಇಳಿದವಳು ನಿಂತು, ಅಭ್ಯಾಸದ ಮೇಲೆ ಕೇಳಿದಳು. 'ಮೇನ್ ಆಫ್ ಮಾಡಿದ್ನಾ?'

ನೋಡ್ಕೊಂಡು ಬರ್ತೀನಿ ಇರು ಅಂತ ಬಗ್ಗಿ ಒಳಗೆ ಹೋದೆ. ಆಫ್ ಆಗಿತ್ತು. ಗೊಬ್ಬರದ ವಾಸನೆಯ ಆ ಕತ್ತಲಲ್ಲಿ ಮೊಬೈಲ್ ಬೆಳಕು ಹಿಡಿದು ಕಂಪ್ಯೂಟರಿನದು, ಪ್ರಿಂಟರಿನದು, ಫ್ಯಾನಿನದು, ಒಂದೊಂದನ್ನೂ ಮುಟ್ಟಿ ನೋಡಿ ಬಂದೆ.